ಊರಬಾಗಿಲು ದಾಟದ ಹಾಡು

ಹಾಡು ಬರೆಯುವವರಿಗೆ ತಮ್ಮ ಹಾಡನ್ನು ಜನ ಎಲ್ಲಿ ಬಿಟ್ಟು ಎದ್ದು ಹೋದರು ಅಂತ ಗೊತ್ತಾಗುವುದು ಕಡಿಮೆ. ಸಭೆಯಲ್ಲಿ ಯಾರೋ ಕೆಮ್ಮುತ್ತಾರೆ, ಯಾರೋ ಫೋನ್ ತೀಡುತ್ತಾ ಕೂತಿರುತ್ತಾರೆ, ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನಾವೂ ಖುಷಿಯಾಗಿ ಮನೆಗೆ ಬರುತ್ತೇವೆ. ವಿಡಿಯೋ ಗೇಮಿನಲ್ಲಿ ಆ ಮರ್ಯಾದೆ ಇಲ್ಲ. ಆಡುವವರು ಯಾವ ಜಾಗದಲ್ಲಿ ಬೇಸತ್ತು ಆಟ ಮುಚ್ಚಿದರು ಅನ್ನುವುದು ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಚುಕ್ಕೆಯಾಗಿ ಮೂಡುತ್ತದೆ. ಹಾಸನದ ಒಂದು ಪುಟ್ಟ ಗೇಮ್ ಸ್ಟುಡಿಯೋದಲ್ಲಿ, ನನ್ನ ಹಾಡು ಶುರುವಾಗುವ ಜಾಗದಲ್ಲೇ, ಮಗುವಿನ ಮೈಮೇಲೆ ದಡಾರ ಎದ್ದ ಹಾಗೆ ಚುಕ್ಕೆಗಳು ಎದ್ದಿದ್ದವು.

ನಾನು ಅರಕಲಗೂಡಿನಲ್ಲಿ ಕನ್ನಡ ಪಾಠ ಮಾಡುವವಳು. ನಾಟಕಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಯಾರದೋ ಮದುವೆಗೆ ಅಂತ ಹಾಡು ಬರೆದುಕೊಟ್ಟು ರೂಢಿಯಾಗಿತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಮನೆಯವರು ಹೇಳುವುದುಂಟು, ಸುಳ್ಳೇನಲ್ಲ. ಆ ಚುಕ್ಕೆಗಳನ್ನು ನೋಡಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಆಟದ ವಿಷಯ ಹೇಳಿಬಿಡುತ್ತೇನೆ. ರಾಣಿ ಅಂತ ಒಬ್ಬಳು ಹೆಂಗಸು. ಅವಳದೊಂದು ಲಗೇಜ್ ಆಟೋ, ಅದರಲ್ಲಿ ಮೈಕ್ ಸೆಟ್ಟು. ನಾಮಕರಣ, ಗೃಹಪ್ರವೇಶ, ಆರತಕ್ಷತೆ ಎಲ್ಲಿದ್ದರೆ ಅಲ್ಲಿಗೆ ಪೆಟ್ಟಿಗೆ, ಹಾರ್ನು, ಕೇಬಲ್ಲು ಹೇರಿಕೊಂಡು ಹೋಗಬೇಕು, ದಾರಿಯಲ್ಲಿ ಒಂದೂ ಬೀಳಬಾರದು. ಊರು ಕಲ್ಪನೆಯದು, ದಾರಿ ಮಾತ್ರ ನಮ್ಮದೇ. ಒಂದು ಕಡೆ ಕೊಣನೂರಿನ ಸಂತೆಯಂಥ ಸಂತೆ, ಇನ್ನೊಂದು ಕಡೆ ರಾಮನಾಥಪುರದಂಥ ಹೊಳೆದಂಡೆ. ಅಡುಗೆ ಮುಗಿಸಿ ಫೋನ್ ಹಿಡಿಯುವ ಹೆಂಗಸರಿಗೆ ಅಂತಲೇ ಮಾಡಿದ ಆಟ. ಎಲ್ಲರೂ ನಮ್ಮ ಸೀಮೆಯ ಮಾತೇ ಆಡುತ್ತಾರೆ. ರಾಣಿಯ ಗಾಡಿ ಊರಬಾಗಿಲಿಗೆ ಬಂದೊಡನೆ ನನ್ನ ಹಾಡು ಶುರುವಾಗಬೇಕು.

ಆ ಮಾತುಗಳನ್ನೆಲ್ಲ ಬರೆದವಳು ಹೊಳೆನರಸೀಪುರದವಳು, ಮೂವತ್ತರ ಆಸುಪಾಸಿನವಳು. ಅವಳು ಬರೆದದ್ದನ್ನು ಮೊದಲ ಸಲ ಓದಿದಾಗ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ರಾಣಿ ನಾಮಕರಣಕ್ಕೆ ತಡವಾಗಿ ತಲುಪಿದರೆ ಮನೆಯವರು ಬಯ್ಯುವುದಿಲ್ಲ. "ಬಾ ತಾಯಿ, ಕೂಸು ಇನ್ನೂ ಹೆಸ್ರಿಲ್ದೆ ಕಾಯ್ತಾ ಕೂತದೆ" ಅನ್ನುತ್ತಾರೆ. ಗಾಡಿ ಹುಲ್ಲಿನ ಮೆದೆಗೆ ಗುದ್ದಿದರೆ ಮೆದೆಯ ಯಜಮಾನ, "ಅದೇನ್ ಮಾಡಿತ್ತವ್ವಾ ನಿಂಗೆ?" ಅಂತ ಕೇಳುತ್ತಾನೆ. ಎರಡನೇ ಸಲ ಗುದ್ದಿದರೆ ಬರೀ "ಮತ್ತಾ?" ಅನ್ನುತ್ತಾನೆ. ಮೂರನೇ ಸಲಕ್ಕೆ ಮಾತೇ ಇಲ್ಲ, ಒಂದು ನಿಟ್ಟುಸಿರು. ಆಟದಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಅದು ಬರುಬರುತ್ತಾ ಚಿಕ್ಕದಾಗಬೇಕು ಅನ್ನುವುದು ಅವಳ ಲೆಕ್ಕ. ತರಗತಿಯಲ್ಲಿ ಪದ್ಯದ ಧ್ವನಿ ಅಂತ ವಿವರಿಸುತ್ತೇನಲ್ಲ, ಅದನ್ನು ಇವಳು ಒಂದು ನಿಟ್ಟುಸಿರಿನಲ್ಲಿ ಮಾಡಿ ಮುಗಿಸಿದ್ದಳು.

ನನ್ನ ಹಾಡು ಹೀಗೆ ಶುರುವಾಗುತ್ತಿತ್ತು:

ಹೊಂಬೆಳಗಿನ ಸೆರಗಂಚಲಿ ಹಸುರಿನ ಕಸೂತಿ
ಹೇಮಾವತಿ ತೆರೆತೆರೆಯಲಿ ಬೆಳಕಿನ ಆರತಿ

ರಾಗ ಹಾಕುವ ಹುಡುಗ ಮೆಚ್ಚಿಕೊಂಡ. ಸ್ಟುಡಿಯೋ ಮಾಲೀಕರು ಕಣ್ಣುಮುಚ್ಚಿ ತಲೆದೂಗಿದರು. ಇವಳೊಬ್ಬಳು ಮಾತ್ರ ಪೆನ್ನಿನ ಕ್ಯಾಪು ಕಚ್ಚುತ್ತಾ ಕೂತಿದ್ದಳು.

"ಏನಮ್ಮಾ, ಚೆನ್ನಾಗಿಲ್ವಾ?" ಅಂದೆ.

"ಓದೋಕೆ ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ರಾಣಿ ಕೈಯಲ್ಲಿ ಹ್ಯಾಂಡಲ್ ಇದೆ, ಹಿಂದುಗಡೆ ಪೆಟ್ಟಿಗೆ ಜಾರ್ತಾ ಇದೆ. ಅಂಥ ಹೊತ್ತಲ್ಲಿ ಅವಳಿಗೆ ಕಸೂತಿ ಕಾಣುತ್ತಾ?"

"ಕಾಣದೇ ಇರೋಕೆ ಅವಳಿಗೇನು ಕಣ್ಣಿಲ್ವಾ?" ಅಂತ ರೇಗಿದೆ. ಅವಳು ನಕ್ಕಳು. ಹಾಡು ಹಾಗೇ ಒಳಗೆ ಹೋಯಿತು.

ಪರೀಕ್ಷೆಗೆ ಅಂತ ಆಟವನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕೆಲವು ಮನೆಗಳ ಫೋನುಗಳಿಗೆ ಹಾಕಿಕೊಟ್ಟರು. ಆಮೇಲೆ ಬಂದವು ಆ ಚುಕ್ಕೆಗಳು. ಗಾಡಿ ಊರಬಾಗಿಲಿಗೆ ಬರುತ್ತದೆ, ಅಲ್ಲಿಂದ ತಿರುಗಿ ಮನೆಗೆ ಹೋಗುತ್ತದೆ. ಮತ್ತೆ ಬರುತ್ತದೆ, ಮತ್ತೆ ತಿರುಗುತ್ತದೆ. ಹೀಗೆ ಒಂದಷ್ಟು ಸಲ ಆದಮೇಲೆ ಆಟ ಬಂದ್. ಊರಬಾಗಿಲಲ್ಲೇ ನನ್ನ ಹಾಡು ಶುರುವಾಗುತ್ತಿದ್ದದ್ದು. ಸಂತೆ, ಹೊಳೆದಂಡೆ, ಹೆಸರಿಗಾಗಿ ಕಾಯುವ ಕೂಸು ಯಾವುದನ್ನೂ ಯಾರೂ ನೋಡಿರಲಿಲ್ಲ. ವಿಚಿತ್ರ ಅಂದರೆ ಸಣ್ಣ ಮಕ್ಕಳು ಮಾತ್ರ ಸಲೀಸಾಗಿ ದಾಟಿಹೋಗುತ್ತಿದ್ದರು.

ಮಾಲೀಕರು ಚನ್ನರಾಯಪಟ್ಟಣದ ಕಡೆಯ ಒಕ್ಕಲು ಮನೆತನದವರು, ಮುಚ್ಚುಮರೆ ಇಲ್ಲದ ಮನುಷ್ಯ. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. "ನೋಡ್ರಮ್ಮಾ, ಆಟ ಹೊರಗೆ ತರೋರು ಫೋನ್ ಮಾಡಿದ್ರು. ಮಾತು ಜಾಸ್ತಿಯಾಯ್ತು, ಹಾಡು ಅಡ್ಡ ಬತ್ತಾ ಅದೆ ಅಂತಾವ್ರೆ. ಕೊನೇ ಪರೀಕ್ಷೇಲೂ ಇಂಗೇ ಆದ್ರೆ ಮಾತು, ಹಾಡು ಎರಡೂ ತೆಗೀರಿ, ಬಾಣದ ಗುರುತು ಹಾಕಿ, ಬರೀ ಮ್ಯೂಸಿಕ್ ಬಿಡಿ ಅಂದ್ರು. ನಾನು ಹೂಂ ಅಂದ್ಬುಟ್ಟೆ."

ನನಗೇನು, ನನ್ನದು ಒಂದು ಹಾಡು. ಮನೆಗೆ ಹೋಗಿ ಇನ್ನೊಂದು ಬರೆಯುತ್ತೇನೆ. ಅವಳದು ಹಾಗಲ್ಲ. ಆ ಊರಿನ ಒಬ್ಬೊಬ್ಬರನ್ನೂ ಮಾತಿನಿಂದಲೇ ಕಟ್ಟಿ ನಿಲ್ಲಿಸಿದ್ದಳು. ಮಾತು ತೆಗೆದರೆ ಉಳಿಯುವುದು ಬೊಂಬೆಗಳು. ಹಾಳಾದ ನನ್ನ ಕಸೂತಿಯಿಂದ ಇವಳ ಊರಿಗೆ ಊರೇ ಮೂಗಾಗುತ್ತದಲ್ಲ ಅಂತ ಅನ್ನಿಸಿತು.

ಅಲ್ಲಿಂದ ಶುರುವಾಯಿತು ರಿಪೇರಿ. ಮೊದಲು ಹಾಡಿನ ಮುನ್ನುಡಿ ಸಂಗೀತ ಕತ್ತರಿಸಿದೆವು. ಚುಕ್ಕೆ ಕದಲಲಿಲ್ಲ. ಆಮೇಲೆ ಒತ್ತಕ್ಷರಗಳನ್ನೆಲ್ಲ ಹೆಕ್ಕಿ ತೆಗೆದೆ, ಯಾಕೆಂದರೆ ಗಾಡಿಯ ಓಟಕ್ಕೆ ಹಾಡುಗಾರ್ತಿಯ ನಾಲಿಗೆ ಅವುಗಳಲ್ಲಿ ಎಡವುತ್ತಿತ್ತು. ಸಾಲಿನ ಕೊನೆಯಲ್ಲಿ ಎಳೆದು ಹಾಡುವುದಕ್ಕೆ ಬರುವಂತೆ ಆ, ಓ ಸ್ವರಗಳನ್ನು ತಂದೆ. ಇದೆಲ್ಲ ಹಾಡು ಕಟ್ಟುವವರ ಮಾಮೂಲಿ ಮರಗೆಲಸ. ಕಾಗದದ ಮೇಲೆ ಮುದ್ದಾಗಿದ್ದ ಸಾಲು ಗಂಟಲಿಗೆ ಬಂದಾಗ ಮುಳ್ಳಾಗಬಹುದು, ಉಜ್ಜಿ ಉಜ್ಜಿ ನಯ ಮಾಡಬೇಕು. ರಾಗದ ಹುಡುಗ ನಡೆ ಬದಲಿಸಿದ, ತಮಟೆ ಸೇರಿಸಿದ. ಮಾಲೀಕರು ಊರಬಾಗಿಲ ಮೇಲೆ ಕುಂಬಳಕಾಯಿ ಗಾತ್ರದ ಬಾಣ ಬರೆಸಿದರು. ಏನೂ ಆಗಲಿಲ್ಲ. ಕೊನೆಗೆ ಸಿಟ್ಟು ಬಂದು ಹಾಡನ್ನೇ ತೆಗೆದು ಒಂದು ದಿನ ನೋಡಿದೆವು. ಆಗಲೂ ಗಾಡಿ ಊರಬಾಗಿಲಿಗೆ ಬಂದು, ತಿರುಗಿ, ಮನೆಗೇ ಹೋಯಿತು!

"ಹಾಗಾದ್ರೆ ತಪ್ಪು ನನ್ನ ಹಾಡಿನದಲ್ಲ!" ಅಂತ ನಾನು ಮೇಜು ಕುಟ್ಟಿದೆ. ಅವಳು ಮೆಲ್ಲಗೆ, "ಹಾಗಾದ್ರೆ ನನ್ನ ಮಾತಿನದು" ಅಂದಳು.

ಆಡಿದವರಿಗೆ ಫೋನ್ ಮಾಡಿ ಕೇಳಿದರೆ ನಮ್ಮ ಜನ ಎಲ್ಲಾದರೂ ಬಾಯಿಬಿಡುತ್ತಾರೆಯೇ? "ಸಂದಾಗದೆ ಸಾ", "ಬೋ ಚೆನ್ನಾಗಿ ಮಾಡಿದೀರ ಮೇಡಂ", "ಕೆಲ್ಸ ಇತ್ತು, ಅದ್ಕೇ ನಿಲ್ಲಿಸ್ದೆ." ಯಾರನ್ನು ಕೇಳಿದರೂ ಇದೇ ಉತ್ತರ. ಮನಸ್ಸು ನೋಯಿಸಬಾರದು ಅಂತ ನಮ್ಮನ್ನು ಚೆನ್ನಾಗಿ ನೋಯಿಸಿದರು.

ಅವಳೇ ಒಂದು ತೀರ್ಮಾನಕ್ಕೆ ಬಂದಳು. "ಕೇಳಿದ್ದು ಸಾಕು ಮೇಡಂ. ಆಡುವಾಗ ಪಕ್ಕದಲ್ಲಿ ಕೂತು ನೋಡೋಣ. ಮುಖ ನೋಡೋದು ಬೇಡ, ಮುಖ ನಮ್ಮನ್ನ ಕಂಡ ಕೂಡ್ಲೆ ನಗುತ್ತೆ. ಕೈ ನೋಡೋಣ."

ಭಾನುವಾರ ಮಾಲೀಕರ ಕಾರಿನಲ್ಲಿ ಮೂವರೂ ದಂಡಿಗನಹಳ್ಳಿಗೆ ಹೋದೆವು. ಅಲ್ಲಿ ಅವರ ಸೋದರತ್ತೆ ಇದ್ದಾರೆ. ಫೋನಿನಲ್ಲಿ ಬಣ್ಣದ ಗುಂಡು ಒಡೆಯುವ ಆಟಗಳನ್ನೆಲ್ಲ ಆಡಿ ಅರೆದು ಕುಡಿದವರು, ಸೊಸೆಯಂದಿರ ಫೋನಿನಲ್ಲೂ ಅವರದೇ ಮೇಲುಗೈ. ತುಂಬು ಮನೆ, ಬಾಯ್ತುಂಬ ಮಾತು. ಒಬ್ಬಟ್ಟಿನ ಊಟ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಎಲ್ಲಿ, ಕೊಡ್ಲಾ ಆ ನಿನ್ನ ಮೈಕ್‌ಸೆಟ್ನ" ಅಂತ ಫೋನ್ ತೆಗೆದುಕೊಂಡರು. ನಾವು ಎರಡೂ ಬದಿಗೆ ಕೂತು ಅವರ ಹೆಬ್ಬೆರಳುಗಳನ್ನೇ ನೋಡತೊಡಗಿದೆವು.

ಪೆಟ್ಟಿಗೆ ಹೇರಿದರು, ಹಗ್ಗ ಬಿಗಿದರು, ಗಾಡಿ ಎತ್ತಿದರು. ಹೆಬ್ಬೆರಳು ಚುರುಕಾಗಿ ಓಡುತ್ತಿತ್ತು. ಊರಬಾಗಿಲು ಬಂತು. ಬಾಗಿಲ ಪಕ್ಕದ ಜಗುಲಿಯಲ್ಲಿ ಸಣ್ಣತಾಯಮ್ಮ ಅಂತ ಆಟದ ಒಂದು ಪಾತ್ರ ಕೂತಿರುತ್ತಾಳೆ. ಅವಳು ಕತ್ತೆತ್ತಿ ಕೇಳಿದಳು: "ಎಲ್ಲಿಗವ್ವಾ ಹೊಂಟೆ, ರಾಣೀ?"

ಅತ್ತೆಯ ಹೆಬ್ಬೆರಳು ಗಕ್ಕನೆ ನಿಂತಿತು.

"ಥೂ, ಇವಳ ಬಾಯಿಗಿಷ್ಟು ಮಣ್ಣಾಕ! ಹೊಂಟೋರ್ನ ಎಲ್ಲಿಗೆ ಅಂತ ಕೇಳ್ಬುಟ್ಲಲ್ಲ!"

ಗಾಡಿ ತಿರುಗಿಸಿದರು, ಮನೆ ಬಾಗಿಲಿಗೆ ತಂದು ನಿಲ್ಲಿಸಿದರು. ಫೋನನ್ನು ಮಂಚದ ಮೇಲಿಟ್ಟು ಒಳಗೆ ಹೋಗಿ, ನಿಜವಾಗಿಯೂ ಒಂದು ಲೋಟ ನೀರು ಕುಡಿದು, ಒಂದು ಗಳಿಗೆ ಕೂತು, ಆಮೇಲೆ ಬಂದು ಮತ್ತೆ ಗಾಡಿ ಎತ್ತಿದರು. ಸಣ್ಣತಾಯಮ್ಮ ಮತ್ತೆ ಕೇಳಿದಳು. ಅತ್ತೆ ಫೋನ್ ಕೆಳಗಿಟ್ಟರು. "ಇವಳು ಇವತ್ತು ಕಳಿಸಕಿಲ್ಲ ಬುಡು" ಅಂತ ಎಲೆಯಡಿಕೆ ತಟ್ಟೆ ಎಳೆದುಕೊಂಡರು.

ಅಯ್ಯೋ ಶಿವನೇ! ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ, ತಿರುಗಿ ಬಂದು ನೀರು ಕುಡಿದು ಕೂತು ಹೊರಡಬೇಕು. ಇದನ್ನು ಎದೆಹಾಲಿನ ಜೊತೆ ಕುಡಿದು ಬೆಳೆದವರು ನಾವು. ಈಗಿನ ಸಣ್ಣ ಮಕ್ಕಳಿಗೆ ಇದು ಗೊತ್ತಿಲ್ಲ, ಅದಕ್ಕೇ ಅವರು ಸಲೀಸಾಗಿ ದಾಟಿದ್ದರು. ನಾನು ಕಾಲೇಜಿಗೆ ಹೊರಟಾಗ ಯಾರಾದರೂ ಎಲ್ಲಿಗೆ ಅಂದರೆ ಇವತ್ತಿಗೂ ಹೊಸಿಲ ಮೇಲೆ ಕಾಲು ತಡೆಯುತ್ತದೆ. ತೀರಾ ಕೇಳಲೇಬೇಕಾದರೆ "ದೂರಾನಾ?" ಅಂತ ಕೇಳುತ್ತೇವೆ. ಪ್ರಪಂಚದ ಎಲ್ಲ ಆಟಗಳಲ್ಲೂ ಮೊದಲು ಸಿಗುವ ಪಾತ್ರ ಎಲ್ಲಿಗೆ ಹೊರಟೆ ಅಂತ ಕೇಳುತ್ತದೆ, ಆಡುವವರು ಊರು ಆರಿಸಿಕೊಳ್ಳುತ್ತಾರೆ. ಅದೇ ರೂಢಿಯಲ್ಲಿ ಅವಳು ಬರೆದಿದ್ದಳು. ಆ ಸಾಲಿನಲ್ಲಿ "ಹೊಂಟೆ" ಇರಲಿ, "ಹೊರಟೆ" ಬೇಡ ಅಂತ ಜಗಳ ಆಡಿದ್ದೂ ನಾವೇ. ಪದ ನಮ್ಮ ಊರಿನದಾಗಿದೆಯಾ ಅಂತ ನೋಡಿದೆವು. ಮಾತು ನಮ್ಮ ಊರಿನದಾ ಅಂತ ಒಬ್ಬರೂ ನೋಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮಾಲೀಕರು ಹಗುರಾಗಿದ್ದರು. "ಸದ್ಯ, ಸಿಕ್ತಲ್ಲ. ಆ ಸಾಲು ಕಿತ್ತಾಕಿ 'ದೂರಾನಾ' ಅಂತ ಹಾಕ್ಬುಡಿ, ಮುಗೀತು."

ಹಿಂದಿನ ಸೀಟಿನಿಂದ ಅವಳು, "ಬೇಡ ಸರ್" ಅಂದಳು.

"ಏನಮ್ಮಾ ಬೇಡ?"

"ಇಷ್ಟು ದಿನ ನಾನು ಬರೆದಿರೋದ್ರಲ್ಲಿ ಯಾವ ಮಾತಿಗಾದ್ರೂ ಜನ ಹಿಂಗೆ ಎದ್ದು ಹೋಗಿ ನೀರು ಕುಡಿದಿದಾರಾ? ಆ ಸಾಲು ಇರಲಿ. ಉಳಿದೋರೆಲ್ಲ ದೂರಾನಾ ಅಂತ ಕೇಳ್ಲಿ. ಸಣ್ಣತಾಯಮ್ಮ ಒಬ್ಳು ಮಾತ್ರ ಎಲ್ಲಿಗೆ ಅಂತಾನೇ ಕೇಳ್ಲಿ. ಅಂಥೋಳು ಒಬ್ಳು ಇಲ್ದೇ ಇರೋ ಊರು ಯಾವುದಿದೆ ಹೇಳಿ? ಅವಳು ಕೇಳಿದ್ರೆ ರಾಣಿ ಮನೆಗೆ ಬರಬಹುದು, ನೀರು ಕುಡಿಬಹುದು, ಕೂತ್ಕೊಬಹುದು. ಅದನ್ನೂ ಆಟ ಮಾಡೋಣ."

"ಅಲ್ಲಮ್ಮಾ, ಗೇಮ್ ಅಂದ್ರೆ ಓಡ್ಬೇಕು. ನೀನು ಕೂರಿಸ್ತೀನಿ ಅಂತೀಯಲ್ಲ! ಈ ಸಲ ಕೆಟ್ರೆ ಎಲ್ಲಾನೂ ತೆಗಿಯೋದೇಯ, ನೆನಪಿರ್ಲಿ."

"ನೆನಪಿದೆ ಸರ್."

ಆ ಧೈರ್ಯಕ್ಕೆ ನಾನು ಮಾರುಹೋದೆ. ತಪ್ಪು ಸಿಕ್ಕಿದೊಡನೆ ಅಳಿಸಿ ಕೈತೊಳೆದುಕೊಳ್ಳುವುದು ಸುಲಭ, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಇವಳಿಗೆ ಆ ತಪ್ಪಿನೊಳಗೆ ಒಂದು ಪಾತ್ರ ಕಂಡಿತ್ತು. ಕಾರು ಹಾಸನ ಸೇರುವ ಮೊದಲೇ ನನ್ನ ಕಡೆ ತಿರುಗಿ, "ಮೇಡಂ, ಕೂತಾಗ ಒಂದು ಹಾಡು ಬೇಕಲ್ಲ" ಅಂದಳು.

ಆ ವಾರವಿಡೀ ಅರಕಲಗೂಡಿನಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಗುನುಗುತ್ತಾ ಗುನುಗುತ್ತಾ ಪಕ್ಕದವರು ಜಾಗ ಬದಲಿಸುವ ಹಾಗೆ ಮಾಡಿಕೊಂಡೆ. ಓಡುವ ಗಾಡಿಗೆ ಬರೆದ ಹಾಡನ್ನು ಕೂತವಳಿಗೆ ಹಾಡಿದರೆ ಹೊಂದುವುದಿಲ್ಲ. ರಾಗದ ಹುಡುಗ ತಮಟೆ ತೆಗೆದು ಬರೀ ಕೊಳಲು, ಅದರ ಹಿಂದೆ ನೀರು ಮೊಗೆಯುವ ಸದ್ದು ಇಟ್ಟ. ಮಾತಿಲ್ಲದೆ "ತಾನಾನ" ಅಂತ ಹಾಡಿ ಕಳಿಸಿದ. ಅದರ ಮೇಲೆ ನಾನು ಮೊದಲು ಕೂರಿಸಿದ್ದು ಮತ್ತೆ ಹೊಂಬೆಳಗನ್ನೇ. ಅಭ್ಯಾಸ ಬಿಡಬೇಕಲ್ಲ! ಅವಳು ಓದಿದಳು. ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು.

"ಕುಡೀರಿ ಮೇಡಂ. ಕುಡಿದ್ಮೇಲೆ ನಿಮ್ಮನೇಲಿ ಯಾರಾದ್ರೂ ಏನಂತಾರೆ?"

"ಏನಂತಾರೆ, ಇನ್ನೊಂಚೂರು ಕೂತ್ಕೊಂಡು ಹೋಗು ಅಂತಾರೆ."

"ಅಷ್ಟೇ ಬರೀರಿ."

ಬರೆದೆ. ಈ ಸಲ ನಾಲಿಗೆಗೆ ಎಲ್ಲೂ ತಡೆಯಲಿಲ್ಲ. ರಾಣಿಗೆ ಮನೆಯಲ್ಲಿ ಒಬ್ಬಳು ಅಕ್ಕ, ಅವಳು ಒಳಗಿನಿಂದ ಹೇಳುವ ಹಾಗೆ:

ಕೂರು ಒಂಚೂರು, ಕುಡಿ ಒಂದು ಗುಟುಕು ನೀರು,
ದಾರಿ ಎಲ್ಲಿಗೂ ಓಡಿ ಹೋಗೋದಿಲ್ಲ ಕಣೇ.

ಇದು ಪಲ್ಲವಿ. ಪ್ರತಿ ಸಲ ಮನೆಗೆ ಬಂದಾಗಲೂ ಇದೇ ಬರುತ್ತದೆ, ಆದರೆ ಹಿಂದೆ ಬರುವ ನುಡಿ ಬೇರೆ. ಮೊದಲ ಸಲಕ್ಕೆ, "ನೀನು ಹೋಗದೆ ಹಸೆಗೆ ಯಾರೂ ಕೂರೋದಿಲ್ಲ" ಅಂತ ಸಮಾಧಾನ. ಎರಡನೇ ಸಲಕ್ಕೆ ಸಣ್ಣತಾಯಮ್ಮನ ಮೇಲೆ ಚಾಡಿ. ಮೂರನೆಯದಕ್ಕೆ ಅಕ್ಕನಿಗೇ ನಗು ಬಂದು ಹಾಡು ಅರ್ಧಕ್ಕೆ ನಿಲ್ಲುತ್ತದೆ. ನಾಲ್ಕನೆಯದು ಮಾತ್ರ ನನಗೇ ಗೊತ್ತಿಲ್ಲದ ಹಾಗೆ ಬಂತು:

ಬೇಗ ಬಾ ಅನ್ನಲ್ಲ, ತಡವಾದ್ರೆ ಬಯ್ಯಲ್ಲ,
ಬಾಗಿಲು ಹಾಕಲ್ಲ, ಬಾ ಅಂತೀನಿ ಅಷ್ಟೆ.

ಕಾಗದದ ಮೇಲೆ ಇವು ಏನೂ ಅಲ್ಲ. ತರಗತಿಯಲ್ಲಿ ಯಾರಾದರೂ ವಿದ್ಯಾರ್ಥಿ ಬರೆದು ತಂದಿದ್ದರೆ ಇನ್ನೂ ಸ್ವಲ್ಪ ಕವಿತ್ವ ಇರಲಿ ಅಂತ ಷರಾ ಹಾಕುತ್ತಿದ್ದೆ. ಆದರೆ ಒಳ್ಳೆಯ ಹಾಡಿನ ಸಾಲು ರಾಗಕ್ಕೆ ಜಾಗ ಬಿಟ್ಟು ನಿಲ್ಲುತ್ತದೆ, ಒಳ್ಳೆಯ ಆಟದ ಮಾತು ಆಡುವವರ ಕೈಗೆ ಜಾಗ ಬಿಡುತ್ತದೆ. ಎರಡನ್ನೂ ಪೂರ್ತಿ ಮಾಡುವವರು ಬೇರೆ ಯಾರೋ. ಇದನ್ನು ಇವಳ ಪಕ್ಕದಲ್ಲಿ ಕೂತು ನೋಡಿ ಒಪ್ಪಿಕೊಂಡೆ, ಸಂತೋಷವಾಗಿಯೇ ಒಪ್ಪಿಕೊಂಡೆ. ಹಾಡುಗಾರ್ತಿ ಕಂಬಳಿ ಹೊದಿಸಿದ ಕೋಣೆಯಲ್ಲಿ ನಿಂತು ನಾಲ್ಕನೇ ನುಡಿ ಹಾಡಿ ಮುಗಿಸಿದಾಗ ರಾಗದ ಹುಡುಗ ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತಿದ್ದ.

ಕೊನೆಯ ಪರೀಕ್ಷೆಗೆ ಅತ್ತೆಯ ಮನೆಯನ್ನೇ ಆರಿಸಿದರು ಮಾಲೀಕರು. ನೆರೆಮನೆಯ ಹೆಂಗಸರೂ ಬಂದು ತಲಾ ಒಂದು ಫೋನ್ ಹಿಡಿದು ಹಜಾರದಲ್ಲಿ ಕೂತರು. ಮಾಲೀಕರ ಫೋನು ಹತ್ತಿರದಲ್ಲೇ ಇತ್ತು, ಆಟ ಹೊರತರುವವರು ಮಧ್ಯಾಹ್ನದೊಳಗೆ ಉತ್ತರ ಬೇಕು ಅಂದಿದ್ದರು. ಇವಳು ಕಂಬಕ್ಕೆ ಒರಗಿ, ಕೈಕಟ್ಟಿಕೊಂಡು ನಿಂತಿದ್ದಳು.

ಸಣ್ಣತಾಯಮ್ಮ ಕೇಳಿದಳು. ಹಜಾರದಲ್ಲಿ ಬೈಗುಳ ಎದ್ದಿತು, ಆಹಾ, ಎಂಥ ಬೈಗುಳ! ಗಾಡಿಗಳು ತಿರುಗಿದವು, ನೀರು ಕುಡಿದವು, ಹಾಡು ಕೇಳಿದವು, ಮತ್ತೆ ಹೊರಟವು. ಎರಡನೇ ಸಲಕ್ಕೆ ಒಬ್ಬಾಕೆ, "ತಡಿ, ಇವಳಿಗೆ ಕಾಣ್ದಂಗೆ ಹಿತ್ಲಿಂದ ಓಡಿಸ್ತೀನಿ" ಅಂತ ಹಿತ್ತಲ ದಾರಿ ಹುಡುಕಿದಳು. ಅಂಥದೊಂದು ದಾರಿ ಇದೆ ಅಂತ ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಬ್ಬಾಕೆ ಸಣ್ಣತಾಯಮ್ಮ ಆಕಳಿಸುವ ಹೊತ್ತು ಕಾದು ನುಸುಳಿದಳು. ನೋಡನೋಡುತ್ತಿದ್ದಂತೆ ಎಲ್ಲರೂ ಸಂತೆ ದಾಟಿ ಹೊಳೆದಂಡೆಗೆ ಹೋಗಿದ್ದರು. "ಕೂಸಿಗೆ ಇನ್ನೂ ಹೆಸ್ರಿಟ್ಟಿಲ್ವಂತೆ, ಬಿರ್ರನೆ ನಡೀರೇ!" ಅಂತ ಯಾರೋ ಕೂಗಿದರು. ಕಂಬದ ಹತ್ತಿರ ನೋಡಿದೆ, ಇವಳು ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಅತ್ತೆಯ ಗಾಡಿ ಮಾತ್ರ ಊರಿನಲ್ಲೇ ಇತ್ತು. ಊರಬಾಗಿಲವರೆಗೆ ಬಂತು. ಜಗುಲಿ ಖಾಲಿ, ಸಣ್ಣತಾಯಮ್ಮ ಒಳಗೆ ಹೋಗಿದ್ದಳು, ದಾರಿ ಸಲೀಸಾಗಿತ್ತು. ಆದರೂ ಅತ್ತೆ ಗಾಡಿ ತಿರುಗಿಸಿ ಮನೆಗೆ ಹೊರಟರು. ಮಾಲೀಕರ ಮುಖ ಬಿಳಿಚಿಕೊಂಡಿತು.

"ಯಾಕತ್ತೆ, ಇನ್ನೂ ಏನು ತೊಂದ್ರೆ? ಅವಳು ಅಲ್ಲಿಲ್ವಲ್ಲ?"

"ಇಲ್ಲ ಕಣ್ಲಾ, ನಂಗೇನ್ ಕಣ್ಣು ಕಾಣಕಿಲ್ವಾ? ಮೂರು ನುಡಿ ಆಯ್ತು. ಇನ್ನೊಂದೈತೇನೋ ಅಂತ ಒಳಕ್ಕೋಯ್ತಾ ಇವ್ನಿ."

ಅಷ್ಟರಲ್ಲಿ ಮಾಲೀಕರ ಫೋನು ಹೊಡೆದುಕೊಂಡಿತು. ಎತ್ತಿ, "ಹಲೋ, ಹೇಳಿ ಸಾ" ಅಂದರು. ಅತ್ತೆ ಪರದೆಯಿಂದ ಕಣ್ಣು ತೆಗೆಯದೆಯೇ ಕೈ ಬೀಸಿದರು.

"ಲೇ, ಆಚೆಗೋಗಿ ಮಾತಾಡ್ಲಾ! ಹಾಡು ಬತ್ತಾ ಅದೆ."

ಮಾಲೀಕರು ಫೋನನ್ನು ಕಿವಿಗೆ ಒತ್ತಿಕೊಂಡು ಮೆಲ್ಲಗೆ ಎದ್ದರು. ಹಜಾರದಲ್ಲಿ ರಾಣಿಯ ಅಕ್ಕನ ದನಿ ಎದ್ದಿತ್ತು. ಬೇಗ ಬಾ ಅನ್ನಲ್ಲ, ತಡವಾದ್ರೆ ಬಯ್ಯಲ್ಲ. ಅತ್ತೆಯ ಹೆಬ್ಬೆರಳುಗಳು ಪರದೆಯ ಎರಡೂ ಬದಿಗೆ ಸುಮ್ಮನೆ ಕೂತಿದ್ದವು. ಇವಳು ಕಂಬ ಬಿಟ್ಟು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಅಂಗಳದಿಂದ ಮಾಲೀಕರ ಮಾತು ಕೇಳಿಸಿತು:

"ಇಲ್ಲ ಸಾ, ಮಾತೂ ತೆಗಿಯಲ್ಲ, ಹಾಡೂ ತೆಗಿಯಲ್ಲ. ನಮ್ಮತ್ತೆ ನನ್ನೇ ಆಚೆ ಕಳಿಸವ್ರೆ."